ವಾರಂಟ್ ನಂಬರ್ 43519

ಎತ್ತರ 5 ಅಡಿ 9½ ಇಂಚು. ಕಡುಗಂದು ಕೂದಲು. ತುಸು ಹಸಿರು ಬೆರೆತ ಕಂದು ಕಣ್ಣು. ಎಡಗಾಲಿನಲ್ಲಿ ಮೊಣಕಾಲಿನ ಕೆಳಗೆ ಉಬ್ಬಿದ ನರ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ದಾಖಲೆಗಳಲ್ಲಿ ಫ್ರೆಡರಿಕ್ ಜಾರ್ಜ್ ಆ್ಯಬರ್ಲೈನ್ ನಮಗೆ ಸಿಗುವುದು ಹೀಗೆ. ನಮ್ಮ ಸರ್ಕಾರಿ ನೌಕರರ ಸರ್ವಿಸ್ ರಿಜಿಸ್ಟರ್ ತೆರೆದು ನೋಡಿದವರಿಗೆ ಈ ಧಾಟಿ ಹೊಸದೇನಲ್ಲ. ಅಲ್ಲೂ ಹೆಸರಿನ ಕೆಳಗೆ ‘ಬಲಗೆನ್ನೆಯ ಮೇಲೆ ಮಚ್ಚೆ’ ಎಂಬಂಥ ಒಂದು ಸಾಲು ಇದ್ದೇ ಇರುತ್ತದೆ. ಆದರೆ ಆ್ಯಬರ್ಲೈನ್‌ನ ವಿಷಯದಲ್ಲಿ ಆ ಸಾಲಿನ ಬೆಲೆ ದೊಡ್ಡದು. 1888ರಲ್ಲಿ ‘ಜ್ಯಾಕ್ ದಿ ರಿಪ್ಪರ್’ ಕೊಲೆಗಳ ತನಿಖೆಯನ್ನು ಬೀದಿಗಿಳಿದು ನಡೆಸಿದ ಅಧಿಕಾರಿ ಆತ. ಅಷ್ಟು ಹೆಸರಾದ ಮನುಷ್ಯನ ಒಂದು ಫೋಟೊ ಕೂಡ, ಇದು ಅವನದೇ ಎಂದು ಖಚಿತವಾಗಿ ಹೇಳುವಂಥದ್ದು, ಇಂದಿಗೂ ಸಿಕ್ಕಿಲ್ಲ. ಅವನಿಗೆ ಮಕ್ಕಳಿರಲಿಲ್ಲ, ಹಾಗಾಗಿ ನಮ್ಮ ಮುತ್ತಜ್ಜ ಹೀಗಿದ್ದ ಎಂದು ಹೇಳುವವರೂ ಇಲ್ಲ. ಅವನನ್ನು ತಿಳಿಯಲು ಇಲಾಖೆಯ ಕಾಗದಗಳೇ ದಾರಿ.

ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳ ಎಷ್ಟೋ ಮನೆಗಳಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಪೊಲೀಸ್ ಪೂರ್ವಜನೊಬ್ಬನ ಕಥೆ ಉಳಿದಿರುತ್ತದೆ. ‘ಲಂಡನ್ನಿನಲ್ಲಿ ಪೊಲೀಸ್ ಆಗಿದ್ದನಂತೆ’ ಎನ್ನುವುದರಾಚೆಗೆ ಹೆಚ್ಚಿನವರಿಗೆ ಏನೂ ಗೊತ್ತಿರುವುದಿಲ್ಲ. ಹುಡುಕಲು ಹೊರಟವರು ಕೊನೆಗೆ ಲಂಡನ್ನಿನ ಅಂಚಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಬಾಗಿಲಿಗೆ ಬರುತ್ತಾರೆ. ಅಲ್ಲಿರುವ ಪೊಲೀಸ್ ಪುಸ್ತಕಗಳನ್ನು ಓದುವ ಮೊದಲು ಒಂದು ಮಾತು ತಿಳಿದಿರಬೇಕು: ಆ ಪುಸ್ತಕಗಳನ್ನು ಬರೆಸಿದ್ದು ಕಾನ್‌ಸ್ಟೇಬಲ್‌ಗಳ ಮೇಲಿನ ಗೌರವವಲ್ಲ, ಅಪನಂಬಿಕೆ. ಆ ಕಾಲದ ಲಂಡನ್ನಿನಲ್ಲಿ ಕಳ್ಳನ ಮೇಲಿದ್ದ ಕಣ್ಣಿಗಿಂತ ಕಾನ್‌ಸ್ಟೇಬಲನ ಮೇಲಿದ್ದ ಕಣ್ಣು ಚುರುಕಾಗಿತ್ತು ಎಂದೇ ನನಗನ್ನಿಸುತ್ತದೆ.

ಅದಕ್ಕೆ ಕಾರಣವಿತ್ತು. ಗೃಹ ಸಚಿವ ರಾಬರ್ಟ್ ಪೀಲ್ ಕಟ್ಟಿದ ಹೊಸ ಪೊಲೀಸ್ ಪಡೆ ಬೀದಿಗಿಳಿದದ್ದು 1829ರ ಸೆಪ್ಟೆಂಬರ್ 29ರ ಸಂಜೆ. ಸಮವಸ್ತ್ರದ ಪೊಲೀಸರೆಂದರೆ ಫ್ರಾನ್ಸಿನ ಮಾದರಿಯ ಗೂಢಚಾರರು, ಜನರ ಸ್ವಾತಂತ್ರ್ಯ ಕಸಿಯಲು ಬಂದ ಸೈನ್ಯ ಎಂಬ ಸಿಟ್ಟು ಊರ ತುಂಬ ಇತ್ತು. ಸೈನಿಕರಂತೆ ಕಾಣಬಾರದೆಂದು ಕೆಂಪು ಬಿಟ್ಟು ನೀಲಿ ಕೋಟು ಕೊಟ್ಟರು, ತಲೆಗೆ ಸಾಮಾನ್ಯ ಗೃಹಸ್ಥರು ಹಾಕುವ ಎತ್ತರದ ಟೋಪಿ ಕೊಟ್ಟರು, ಕೈಗೆ ಬಂದೂಕಿನ ಬದಲು ಮರದ ದೊಣ್ಣೆ ಮತ್ತು ಅಪಾಯವಾದರೆ ಗರಗರ ತಿರುಗಿಸಿ ಸದ್ದು ಮಾಡುವ ಗಿರಗಟ್ಟೆ ಕೊಟ್ಟರು. ಸೈನ್ಯದಿಂದ ಬಂದ ಚಾರ್ಲ್ಸ್ ರೋವನ್ ಮತ್ತು ವಕೀಲ ರಿಚರ್ಡ್ ಮೇನ್ ಇಬ್ಬರೂ ಮೊದಲ ಕಮಿಷನರ್‌ಗಳು. ಇವರಿಗೆ ಗೊತ್ತಿತ್ತು, ಕುಡಿದು ತೂರಾಡುವ ಒಬ್ಬನೇ ಒಬ್ಬ ಪೇದೆ ಇಡೀ ಪಡೆಯ ಮಾನ ಕಳೆಯಬಲ್ಲ ಎಂದು. ಆದ್ದರಿಂದ ಸೇರಿದ ಪ್ರತಿಯೊಬ್ಬನಿಗೂ ಒಂದು ವಾರಂಟ್ ನಂಬರ್, ಆ ನಂಬರಿನ ಎದುರು ಸೇರಿದ ದಿನ, ಎತ್ತರ, ಬಿಟ್ಟ ದಿನ, ಬಿಟ್ಟ ಕಾರಣ.

ವಾರಂಟ್ ನಂಬರ್ 1 ಪಡೆದವನು ವಿಲಿಯಂ ಆ್ಯಟ್ಕಿನ್‌ಸನ್. ಕೆಲಸಕ್ಕೆ ಸೇರಿದ ನಾಲ್ಕೇ ಗಂಟೆಗಳಲ್ಲಿ ಕುಡಿದಿದ್ದನೆಂದು ವಜಾ ಆದ. ಪಡೆಯ ಇತಿಹಾಸದ ಮೊದಲ ಹೆಸರೇ ವಜಾ ಆದವನ ಹೆಸರು. ಆರಂಭದ ವರ್ಷಗಳ ರಿಜಿಸ್ಟರ್‌ಗಳಲ್ಲಿ ಪುಟದಿಂದ ಪುಟಕ್ಕೆ ಇದೇ ಕಾರಣ ಮರುಕಳಿಸುತ್ತದೆ. ಹಳ್ಳಿಯಿಂದ ಬಂದ ಕೂಲಿಗಳು, ಸೈನ್ಯ ಬಿಟ್ಟವರು, ಚಮ್ಮಾರರು, ಬಡಗಿಗಳು ಸೇರಿದರು. ಹೆಚ್ಚಿನವರು ಬಹುಕಾಲ ಉಳಿಯಲಿಲ್ಲ. ಪೂರ್ವಜನ ಹೆಸರಿನ ಮುಂದೆ ‘ವಜಾ’ ಎಂದು ಕಂಡರೆ ಇಂದಿನ ಮೊಮ್ಮಕ್ಕಳು ತಲೆ ತಗ್ಗಿಸಬೇಕಾದ್ದಿಲ್ಲ. ವಾರಕ್ಕೆ ಸುಮಾರು ಒಂದು ಗಿನಿ ಸಂಬಳ. ಮಳೆ, ಮಂಜು, ಹಿಮ ಏನೇ ಇರಲಿ, ಗಂಟೆಗೆ ಎರಡೂವರೆ ಮೈಲಿಯ ನಿಗದಿತ ನಡಿಗೆಯಲ್ಲಿ ರಾತ್ರಿಯಿಡೀ ಬೀಟು. ನಿಂತು ಒರಗುವಂತಿಲ್ಲ, ಕೂರುವಂತಿಲ್ಲ, ಹೋಟೆಲಿಗೆ ಕಾಲಿಡುವಂತಿಲ್ಲ. ಸಾರ್ಜೆಂಟ್ ಯಾವ ಮೂಲೆಯಿಂದ ಎದುರಾಗುತ್ತಾನೋ ಗೊತ್ತಿಲ್ಲ. ಇರಬೇಕಾದ ಜಾಗದಲ್ಲಿ ಇರಬೇಕಾದ ಹೊತ್ತಿಗೆ ಸಿಗದಿದ್ದರೆ ದಂಡ. ಮದುವೆಯಾಗಲು ಇಲಾಖೆಯ ಅನುಮತಿ ಬೇಕು. ಕೆಲಸವಿಲ್ಲದ ಹೊತ್ತಿನಲ್ಲೂ ಸಮವಸ್ತ್ರದಲ್ಲೇ ಇರಬೇಕಿತ್ತು. ಕರ್ತವ್ಯದಲ್ಲಿದ್ದಾನೆಂದು ಜನರಿಗೆ ತಿಳಿಯಲು ತೋಳಿನ ತುದಿಗೊಂದು ಪಟ್ಟೆಪಟ್ಟೆಯ ಬಟ್ಟೆ ಕಟ್ಟುತ್ತಿದ್ದರು. ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಪೊಲೀಸರಿಗೆ ಬಂದದ್ದು 1887ರಲ್ಲಿ. ವಾರಕ್ಕೊಂದು ರಜೆ ಕಾನೂನಾದದ್ದು 1910ರಲ್ಲಿ, ರಾಣಿ ತೀರಿಕೊಂಡು ಒಂಬತ್ತು ವರ್ಷಗಳ ಮೇಲೆ. ಇಷ್ಟರ ನಡುವೆ ಒಬ್ಬ ಮನುಷ್ಯ ಒಂದು ಲೋಟ ಬಿಯರಿಗಾಗಿ ಕೆಲಸ ಕಳೆದುಕೊಂಡನೆಂದರೆ ಅವನನ್ನು ಕೆಟ್ಟವನೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹುಡುಕುವವರು ಮೊದಲು ಎಡವುವುದು ನಂಬರಿನಲ್ಲಿ. ಮನೆಯ ಹಳೆಯ ಫೋಟೊದಲ್ಲಿ ಪೂರ್ವಜನ ಕೊರಳಪಟ್ಟಿಯ ಮೇಲೆ ಒಂದು ಅಕ್ಷರ, ಒಂದು ಸಂಖ್ಯೆ ಕಾಣುತ್ತದೆ. ಇದು ವಾರಂಟ್ ನಂಬರ್ ಅಲ್ಲ. ಲಂಡನ್ನನ್ನು ವಿಭಾಗಗಳಾಗಿ ಹಂಚಿ ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರ ಕೊಟ್ಟಿದ್ದರು: ವೈಟ್‌ಹಾಲ್‌ಗೆ ‘ಎ’, ಹೋಬರ್ನ್‌ಗೆ ‘ಇ’, ವೈಟ್‌ಚಾಪೆಲ್‌ಗೆ ‘ಎಚ್’, ಇಸ್ಲಿಂಗ್ಟನ್‌ಗೆ ‘ಎನ್’. ಕೊರಳಿನ ಸಂಖ್ಯೆ ಆ ವಿಭಾಗದೊಳಗಿನ ಗುರುತು. ವರ್ಗವಾದರೆ ಸಂಖ್ಯೆಯೂ ಹೋಯಿತು, ಅದೇ ಸಂಖ್ಯೆ ನಾಳೆ ಇನ್ನೊಬ್ಬನ ಕೊರಳಿಗೆ ಬಂತು. ಬದಲಾಗದೆ ಕೊನೆಯವರೆಗೂ ಬರುವುದು ವಾರಂಟ್ ನಂಬರ್ ಮಾತ್ರ. ಹಾಗೆಂದು ಕೊರಳಿನ ಸಂಖ್ಯೆ ನಿರುಪಯೋಗಿಯೂ ಅಲ್ಲ. ಓಲ್ಡ್ ಬೈಲಿ ನ್ಯಾಯಾಲಯದ ನಡವಳಿಗಳು 1913ರವರೆಗೆ ಅಚ್ಚಾಗಿವೆ, ಈಗ ಯಾರು ಬೇಕಾದರೂ ಓದಬಹುದು. ಅಲ್ಲಿ ಸಾಕ್ಷಿ ಹೇಳುವ ಬಹಳಷ್ಟು ಪೊಲೀಸರ ಹೆಸರಿನ ಪಕ್ಕ ಅಕ್ಷರ, ಸಂಖ್ಯೆ ಎರಡೂ ಇರುತ್ತವೆ. ರಿಜಿಸ್ಟರಿನಲ್ಲಿ ಬರೀ ಅಳತೆಯಾಗಿದ್ದವನು ಅಲ್ಲಿ ಬಾಯಿಬಿಟ್ಟು ಮಾತಾಡುತ್ತಾನೆ: ಯಾವ ಬೀದಿಯಲ್ಲಿ ನಿಂತಿದ್ದ, ಎಷ್ಟು ಗಂಟೆಯಾಗಿತ್ತು, ಕಳ್ಳ ಓಡಿದಾಗ ಏನು ಮಾಡಿದ. ಮುತ್ತಜ್ಜನ ಸ್ವಂತ ದನಿಗೆ ಇದಕ್ಕಿಂತ ಹತ್ತಿರ ಹೋಗಲು ಹೆಚ್ಚಿನ ಕುಟುಂಬಗಳಿಗೆ ಸಾಧ್ಯವಿಲ್ಲ.

ಪುಸ್ತಕಗಳೆಲ್ಲ ಉಳಿದಿಲ್ಲ. ಒಬ್ಬೊಬ್ಬ ಪೊಲೀಸನಿಗೆ ಒಂದೊಂದು ಫೈಲು ಇರುತ್ತದೆ, ತೆರೆದರೆ ಎಲ್ಲ ಸಿಗುತ್ತದೆ ಎಂದುಕೊಂಡು ಹೋದವರಿಗೆ ನಿರಾಸೆ ಖಂಡಿತ. ಸೇರಿದವರ ಅಕಾರಾದಿ ಪಟ್ಟಿ 1830ರಿಂದ 1857ರವರೆಗಿದೆ, ಆಮೇಲೆ ಕಡಿದುಹೋಗಿ 1878ರಿಂದ ಮುಂದುವರಿಯುತ್ತದೆ. ಪ್ರಮಾಣವಚನದ ರಿಜಿಸ್ಟರ್‌ಗಳು ಶುರುವಾಗುವುದು 1869ರಿಂದ. ಅವುಗಳಲ್ಲಿ ಹೊಸಬನ ಸಹಿ ಇರುತ್ತದೆ. ವಿವರವಾದ ಸೇವಾ ಪ್ರಮಾಣಪತ್ರಗಳು ಉಳಿದಿರುವುದು 1889ರಿಂದ 1909ರ ನಡುವಿನವರದು. ಆ್ಯಬರ್ಲೈನ್ ಸೇರಿದ್ದು 1863ರಲ್ಲಿ, ಈ ಮೂರೂ ಪುಸ್ತಕಗಳ ಕೈಗೆ ಸಿಗದ ಕಂದಕದಲ್ಲಿ. ಇಂಥವರಿಗೆ ದಾರಿ ತೋರುವುದು ಪಿಂಚಣಿ ಕಡತ. 1852ರಿಂದ ಮುಂದಕ್ಕೆ ನಿವೃತ್ತರಾದವರ ಈ ಕಡತಗಳಲ್ಲಿ ಹುಟ್ಟಿದ ಊರು, ತಂದೆತಾಯಿ, ಮದುವೆ, ಮೈಗುರುತು, ಸೇವೆಯ ಮಜಲುಗಳು ಎಲ್ಲ ಸಿಗುತ್ತವೆ. ದುಡ್ಡು ಕೊಡುವಾಗ ಸರಿಯಾದ ಮನುಷ್ಯನಿಗೇ ಕೊಡಬೇಕಲ್ಲ. ಪಿಂಚಣಿಯವರೆಗೆ ಬದುಕದವರಿಗೆ ಇನ್ನೊಂದು ಪುಸ್ತಕವಿದೆ, ಸೇವೆಯಲ್ಲಿದ್ದಾಗಲೇ ಸತ್ತವರ ಪಟ್ಟಿ, 1829ರಿಂದ 1889ರವರೆಗೆ.

ಇವಾವುದರಲ್ಲೂ ಸಿಗದಿದ್ದರೆ ಜನಗಣತಿಯನ್ನು ನೋಡಬೇಕು, ಅದರಲ್ಲೂ ಮಕ್ಕಳು ಹುಟ್ಟಿದ ಊರುಗಳನ್ನು. ಮೊದಲ ಮಗು ಲಂಡನ್ನಿನಲ್ಲಿ, ಎರಡನೆಯದು ದೂರದ ವೇಲ್ಸಿನ ಪೆಂಬ್ರೋಕ್‌ನಲ್ಲಿ, ಮೂರನೆಯದು ಪೋರ್ಟ್ಸ್‌ಮತ್‌ನಲ್ಲಿ ಹುಟ್ಟಿದ್ದರೆ ಅಪ್ಪ ಕೆಲಸ ಬಿಟ್ಟು ಅಲೆದನೆಂದು ತಿಳಿಯಬೇಡಿ. 1860ರ ಸುಮಾರಿಗೆ ನೌಕಾಪಡೆಯ ಹಡಗುಕಟ್ಟೆಗಳ ಕಾವಲು ಲಂಡನ್ ಪೊಲೀಸರಿಗೇ ಬಂದಿತ್ತು. ಅವನು ಅಲ್ಲಿಗೆ ವರ್ಗವಾಗಿರಬೇಕು. ಲಂಡನ್ನಿನ ನಡುವಿನ ಹಳೆಯ ‘ಸಿಟಿ’ಗೆ 1839ರಿಂದ ಬೇರೆಯೇ ಪೊಲೀಸ್ ಪಡೆ ಇತ್ತು, ಅದರ ದಾಖಲೆಗಳೂ ಬೇರೆ ಕಡೆ ಇವೆ. ಇದನ್ನು ಮರೆತವರು ವರ್ಷಗಟ್ಟಲೆ ತಪ್ಪು ಪುಸ್ತಕ ತಿರುವುತ್ತಾರೆ.

ಆ್ಯಬರ್ಲೈನ್ ಹುಟ್ಟಿದ್ದು 1843ರ ಜನವರಿ 8ರಂದು, ಡಾರ್ಸೆಟ್ ಸೀಮೆಯ ಬ್ಲಾಂಡ್‌ಫರ್ಡ್ ಫೋರಮ್ ಎಂಬ ಪೇಟೆಯೂರಿನಲ್ಲಿ. ಅಪ್ಪ ಕುದುರೆ ಜೀನು ಹೊಲಿಯುವವ, ಸಣ್ಣಪುಟ್ಟ ಸರ್ಕಾರಿ ಚಾಕರಿಯನ್ನೂ ಮಾಡಿದವ. ಹುಡುಗನಿಗೆ ಆರು ವರ್ಷವಾಗಿದ್ದಾಗ ಆತ ತೀರಿಕೊಂಡ. ತಾಯಿ ಹ್ಯಾನಾ ಸಣ್ಣ ಅಂಗಡಿಯಿಟ್ಟು ಮಕ್ಕಳನ್ನು ಸಾಕಿದಳು. ಹುಡುಗ ಗಡಿಯಾರ ರಿಪೇರಿ ಕಲಿತ. 1863ರ ಜನವರಿ 5ರಂದು, ಇಪ್ಪತ್ತು ತುಂಬಲು ಮೂರು ದಿನ ಇರುವಾಗ, ಲಂಡನ್ ಪೊಲೀಸ್ ಸೇರಿದ. ವಾರಂಟ್ ನಂಬರ್ 43519. ಮೂವತ್ತಮೂರು ವರ್ಷಗಳಲ್ಲಿ ನಂಬರು 1ರಿಂದ ಅಲ್ಲಿಗೆ ಏರಿತ್ತೆಂದರೆ ಎಷ್ಟು ಜನ ಆ ನೀಲಿ ಕೋಟು ತೊಟ್ಟು ಕಳಚಿದರೆಂದು ಊಹಿಸಿಕೊಳ್ಳಬಹುದು.

ಇಸ್ಲಿಂಗ್ಟನ್ನಿನ ಬೀಟಿನಿಂದ ಶುರುವಾಗಿ ಎರಡೂವರೆ ವರ್ಷದಲ್ಲಿ ಸಾರ್ಜೆಂಟ್ ಆದ. ಅದು ಬೇಗನೆ ಸಿಕ್ಕ ಬಡ್ತಿ. 1867ರಲ್ಲಿ ಐರಿಷ್ ಕ್ರಾಂತಿಕಾರಿಗಳ ಚಲನವಲನ ನೋಡಲು ಮಫ್ತಿಯಲ್ಲಿ ನಿಯುಕ್ತನಾದ. 1868ರ ಮಾರ್ಚಿನಲ್ಲಿ ಮಾರ್ಥಾ ಎಂಬಾಕೆಯನ್ನು ಮದುವೆಯಾದ, ಮೇ ತಿಂಗಳಲ್ಲಿ ಆಕೆ ಕ್ಷಯದಿಂದ ತೀರಿಕೊಂಡಳು. ಇಲಾಖೆಯ ಕಾಗದ ಈ ಎರಡು ತಿಂಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಮದುವೆ ಮತ್ತು ಮರಣದ ಸಿವಿಲ್ ನೋಂದಣಿಗಳನ್ನು ಪಕ್ಕಪಕ್ಕ ಇಟ್ಟಾಗಲೇ ಅದು ಕಾಣುವುದು. ಸೇವಾ ದಾಖಲೆಯೊಂದನ್ನೇ ನೆಚ್ಚಿದವರಿಗೆ ಆ ವರ್ಷ ಬಡ್ತಿಯೂ ಶಿಕ್ಷೆಯೂ ಇಲ್ಲದ ಸಪ್ಪೆ ವರ್ಷವಾಗಿ ಕಂಡೀತು. ಎಂಟು ವರ್ಷಗಳ ನಂತರ, 1876ರಲ್ಲಿ, ಎಮ್ಮಾ ಎಂಬಾಕೆಯೊಡನೆ ಎರಡನೆಯ ಮದುವೆ.

1873ರ ಮಾರ್ಚಿನಲ್ಲಿ ಇನ್‌ಸ್ಪೆಕ್ಟರ್ ಆಗಿ ವೈಟ್‌ಚಾಪೆಲ್‌ಗೆ ಬಂದ. ಅಲ್ಲಿ ಹದಿನಾಲ್ಕು ವರ್ಷ ಉಳಿದ. ಲಂಡನ್ನಿನ ಕಡುಬಡವರ ಪೂರ್ವ ಭಾಗ ಅದು. ಹಡಗುಕಟ್ಟೆಯ ದಿನಗೂಲಿಗಳು, ಐರಿಷರು, ರಷ್ಯಾದ ಹಿಂಸೆಗೆ ಹೆದರಿ ಓಡಿಬಂದ ಯಹೂದಿಗಳು, ರಾತ್ರಿಗೆ ನಾಲ್ಕು ಪೆನ್ನಿ ಕೊಟ್ಟು ಮಲಗುವ ಬಾಡಿಗೆ ಮನೆಗಳು. ಈ ನಡುವೆ 1877ರಲ್ಲಿ ಲಂಡನ್ ಪೊಲೀಸರ ಕೇಂದ್ರ ಕಚೇರಿಯಾದ ಸ್ಕಾಟ್ಲೆಂಡ್ ಯಾರ್ಡಿನ ಹಿರಿಯ ಪತ್ತೇದಾರರೇ ವಂಚಕರಿಂದ ಲಂಚ ತಿಂದು ಕಟಕಟೆ ಹತ್ತಿದರು, ಮರುವರ್ಷ ಪತ್ತೇದಾರಿ ವಿಭಾಗವನ್ನು ಒಡೆದು ಹೊಸದಾಗಿ ಸಿಐಡಿ ಕಟ್ಟಿದರು. ವೈಟ್‌ಚಾಪೆಲ್‌ನ ಹೊಸ ಪತ್ತೇದಾರಿ ವಿಭಾಗದ ಹೊಣೆ ಬಿದ್ದದ್ದು ಆ್ಯಬರ್ಲೈನ್ ಮೇಲೆ. 1887ರಲ್ಲಿ ಅವನನ್ನು ಕೇಂದ್ರ ಕಚೇರಿಗೆ ಕರೆಸಿಕೊಂಡಾಗ ಅಲ್ಲಿನ ನಾಗರಿಕರು ಊಟವಿಟ್ಟು ಚಿನ್ನದ ಗಡಿಯಾರ ಕೊಟ್ಟು ಕಳಿಸಿದರು. ಪೊಲೀಸರನ್ನು ಕಂಡರೆ ಕಲ್ಲೆಸೆಯುತ್ತಿದ್ದ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಮರುವರ್ಷದ ಆಗಸ್ಟ್ 31ರಂದು ವೈಟ್‌ಚಾಪೆಲ್‌ನಲ್ಲಿ ಮೇರಿ ಆ್ಯನ್ ನಿಕೋಲ್ಸ್ ಎಂಬಾಕೆ ಕೊಲೆಯಾದಳು. ಅಲ್ಲಿಂದ ನವೆಂಬರ್ 9ರವರೆಗೆ ‘ರಿಪ್ಪರ್’ ಎಂಬ ಒಬ್ಬನೇ ಕೊಲೆಗಾರನದೆಂದು ಸಾಮಾನ್ಯವಾಗಿ ಒಪ್ಪಿರುವ ಐದು ಕೊಲೆಗಳು. ಆ ಓಣಿಗಳನ್ನು ಬಲ್ಲವನೆಂಬ ಕಾರಣಕ್ಕೇ ಆ್ಯಬರ್ಲೈನ್‌ನನ್ನು ಸ್ಕಾಟ್ಲೆಂಡ್ ಯಾರ್ಡ್ ಮತ್ತೆ ಅಲ್ಲಿಗೆ ಕಳಿಸಿತು. ಕೊಲೆಗಾರ ಸಿಗಲಿಲ್ಲ. ಆ ಕಥೆಯನ್ನು ಬರೆದವರು ಸಾವಿರ ಜನ ಇದ್ದಾರೆ, ನಾನು ಅಲ್ಲಿ ನಿಲ್ಲುವುದಿಲ್ಲ.

ಅದೇ ವೈಟ್‌ಚಾಪೆಲ್‌ನಲ್ಲಿ ದುಡಿದ ಇನ್ನೊಬ್ಬನ ಬಗ್ಗೆ ಹೇಳಲೇಬೇಕು. ಅರ್ನೆಸ್ಟ್ ಥಾಂಪ್ಸನ್, ಕೊರಳ ಸಂಖ್ಯೆ 240, ‘ಎಚ್’ ವಿಭಾಗ. ಸೇರಿ ಎರಡು ತಿಂಗಳೂ ಆಗಿರಲಿಲ್ಲ. 1891ರ ಫೆಬ್ರವರಿ 13ರ ನಸುಕಿನಲ್ಲಿ, ಸ್ವಾಲೋ ಗಾರ್ಡನ್ಸ್ ಎಂಬ ರೈಲುಕಮಾನಿನ ಕೆಳಗೆ, ಕತ್ತು ಕೊಯ್ದ ಫ್ರಾನ್ಸಿಸ್ ಕೋಲ್ಸ್ ಎಂಬ ಹೆಂಗಸನ್ನು ಕಂಡ. ಆಚೆ ತುದಿಯಲ್ಲಿ ಯಾರೋ ನಡೆದು ಹೋಗುವ ಹೆಜ್ಜೆಸಪ್ಪಳ ಕೇಳುತ್ತಿತ್ತು. ಹೆಂಗಸಿಗೆ ಇನ್ನೂ ಜೀವವಿತ್ತು. ಅಂಥವರನ್ನು ಬಿಟ್ಟು ಹೋಗಬಾರದೆಂಬುದು ನಿಯಮ, ಥಾಂಪ್ಸನ್ ಅವಳ ಬಳಿ ನಿಂತ. ಆ ಹೆಜ್ಜೆಗಳು ಯಾರವೆಂದು ಯಾರಿಗೂ ತಿಳಿಯಲಿಲ್ಲ. 1900ರ ಡಿಸೆಂಬರ್ 1ರಂದು, ಕಮರ್ಷಿಯಲ್ ರಸ್ತೆಯ ಕಾಫಿ ಗಾಡಿಯ ಬಳಿ ಗಲಾಟೆ ಬಿಡಿಸಲು ಹೋದಾಗ, ಬಾರ್ನೆಟ್ ಅಬ್ರಹಾಮ್ಸ್ ಎಂಬವನ ಚಾಕು ತಗುಲಿ ಥಾಂಪ್ಸನ್ ಸತ್ತ. ಸಾಯುವವರೆಗೂ ಆತ ಕಾನ್‌ಸ್ಟೇಬಲ್ ಆಗಿಯೇ ಇದ್ದ.

ಇಂಥ ಸಾವುಗಳಿಗೆ ಊರು ಸದಾ ಮರುಗಿತೆಂದೂ ತಿಳಿಯಬಾರದು. 1833ರ ಮೇ 13ರಂದು ಕೋಲ್ಡ್‌ಬಾತ್ ಫೀಲ್ಡ್ಸ್‌ನಲ್ಲಿ ಕಾರ್ಮಿಕರ ಸಭೆಯನ್ನು ಪೊಲೀಸರು ಚದುರಿಸಿದಾಗ ರಾಬರ್ಟ್ ಕಲ್ಲಿ ಎಂಬ ಕಾನ್‌ಸ್ಟೇಬಲ್ ಇರಿತದಿಂದ ಸತ್ತ. ಸಾವಿನ ವಿಚಾರಣೆಗೆ ಕೂತ ಊರಿನ ಪಂಚರು ಇದು ಸಮರ್ಥನೀಯ ಹತ್ಯೆ ಎಂದು ತೀರ್ಪಿತ್ತರು. ಜನ ಪಂಚರನ್ನು ಮೆರೆಸಿದರು, ಅವರ ಗೌರವಕ್ಕೆ ಪದಕ ಅಚ್ಚುಹಾಕಿಸಿದರು. ಮೇಲಿನ ನ್ಯಾಯಾಲಯ ಆ ತೀರ್ಪನ್ನು ಆಮೇಲೆ ರದ್ದು ಮಾಡಿತು. ಪೊಲೀಸರ ದೊಣ್ಣೆಯೇಟು ತಿಂದವರ ಸಿಟ್ಟು ಸುಳ್ಳಲ್ಲ. 1887ರ ನವೆಂಬರ್ 13ರಂದು ಟ್ರಾಫಲ್ಗರ್ ಚೌಕದಲ್ಲಿ ನಿರುದ್ಯೋಗಿಗಳ ಮೆರವಣಿಗೆಗೆ ಆದದ್ದನ್ನು ಬ್ರಿಟನ್ನಿನ ಕಾರ್ಮಿಕರು ಇಂದಿಗೂ ‘ರಕ್ತದ ಭಾನುವಾರ’ ಎಂದೇ ನೆನೆಯುತ್ತಾರೆ. ಪೂರ್ವಜನ ಸೇವಾ ದಾಖಲೆಯಲ್ಲಿ ಆ ದಿನಾಂಕಗಳು ಸಿಕ್ಕರೆ ಅವನು ಗೆರೆಯ ಯಾವ ಕಡೆ ನಿಂತಿದ್ದನೆಂದು ಕುಟುಂಬ ಕೇಳಿಕೊಳ್ಳಲೇಬೇಕು. ಗೆರೆಯ ಎರಡೂ ಕಡೆ ಬಡವರೇ ನಿಂತಿದ್ದರು ಎಂಬುದನ್ನೂ ಮರೆಯಬಾರದು.

ಹುಡುಕುವವರಿಗೆ ಇಂದು ಅಷ್ಟು ಉಪಯೋಗವಾಗುವ ಪಿಂಚಣಿ, ಪೊಲೀಸರಿಗೆ ಹಕ್ಕಾಗಿ ಬಂದದ್ದು ತಡವಾಗಿ. ಅದುವರೆಗೆ ಕೊಡುವುದು ಬಿಡುವುದು ಮೇಲಿನವರ ಮರ್ಜಿ. ಪಿಂಚಣಿಯ ಹೋರಾಟಕ್ಕೆ ಭಾರತದ ಎಳೆಯೂ ಇದೆ. ಬಂಗಾಳದಲ್ಲಿ ಪೊಲೀಸ್ ಮುಖ್ಯಸ್ಥನಾಗಿದ್ದ ಜೇಮ್ಸ್ ಮನ್ರೋ 1888ರ ಕೊನೆಯಲ್ಲಿ ಲಂಡನ್ನಿನ ಕಮಿಷನರ್ ಆದ. ತನ್ನ ಕಾನ್‌ಸ್ಟೇಬಲ್‌ಗಳಿಗೆ ನ್ಯಾಯವಾದ ಪಿಂಚಣಿ ಬೇಕೆಂದು ಗೃಹ ಸಚಿವರೊಡನೆ ಜಗಳವಾಡಿ 1890ರ ಜೂನ್‌ನಲ್ಲಿ ರಾಜೀನಾಮೆ ಎಸೆದ. ಮುಂದಿನ ತಿಂಗಳು ಬೋ ಸ್ಟ್ರೀಟ್ ಠಾಣೆಯ ಕಾನ್‌ಸ್ಟೇಬಲ್‌ಗಳು ಕೆಲಸಕ್ಕೆ ಹೊರಡುವುದಿಲ್ಲವೆಂದು ಕೂತರು. ಅದೇ ವರ್ಷದ ಕಾಯಿದೆ 25 ವರ್ಷ ದುಡಿದವರಿಗೆ ಪಿಂಚಣಿಯನ್ನು ಹಕ್ಕಾಗಿ ಮಾಡಿತು. ಕುರ್ಚಿಯನ್ನು ಪಣವಿಟ್ಟು ಕೈಕೆಳಗಿನವರ ಪರ ನಿಂತ ಮನ್ರೋನ ಹೆಸರು ಇಂದು ಹೆಚ್ಚಿನವರಿಗೆ ನೆನಪಿಲ್ಲ. ಪೊಲೀಸ್ ಪೂರ್ವಜರಿರುವ ಪ್ರತಿ ಕುಟುಂಬವೂ ಅದನ್ನು ನೆನೆಯಬೇಕು.

ಆ್ಯಬರ್ಲೈನ್ 1890ರ ಡಿಸೆಂಬರ್‌ನಲ್ಲಿ ಚೀಫ್ ಇನ್‌ಸ್ಪೆಕ್ಟರ್ ಆಗಿ, 1892ರ ಫೆಬ್ರವರಿಯಲ್ಲಿ ಪೂರ್ತಿ ಪಿಂಚಣಿಯೊಂದಿಗೆ ನಿವೃತ್ತನಾದ. 29 ವರ್ಷ ಸೇವೆ, 84 ಪ್ರಶಂಸೆ ಮತ್ತು ಬಹುಮಾನ. ಆಮೇಲೆ ಖಾಸಗಿ ತನಿಖೆಗಾರನಾದ, ಅಮೆರಿಕದ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯ ಯುರೋಪಿನ ಕೆಲಸ ನೋಡಿಕೊಂಡ, 1904ರಲ್ಲಿ ಹೆಂಡತಿಯೊಡನೆ ಬೋರ್ನ್‌ಮತ್ ಎಂಬ ಕಡಲೂರಿಗೆ ಹೋಗಿ ನೆಲೆಸಿದ. 2001ರಲ್ಲಿ ಬಂದ ‘ಫ್ರಮ್ ಹೆಲ್’ ಚಲನಚಿತ್ರದಲ್ಲಿ ಜಾನಿ ಡೆಪ್ ನಟಿಸಿದ ಆ್ಯಬರ್ಲೈನ್ ಅಫೀಮಿನ ದಾಸ, ದರ್ಶನಗಳನ್ನು ಕಾಣುವವನು, ಅಫೀಮಿನಲ್ಲೇ ಸಾಯುವವನು. ಜಗತ್ತಿನ ಹೆಚ್ಚಿನ ಜನರಿಗೆ ಗೊತ್ತಿರುವ ಆ್ಯಬರ್ಲೈನ್ ಅವನೇ. ಒಂದು ಲೋಟ ಕುಡಿದವನನ್ನೂ ವಜಾ ಮಾಡುತ್ತಿದ್ದ ಪಡೆಯಲ್ಲಿ 29 ವರ್ಷ ದುಡಿದು ಪೂರ್ತಿ ಪಿಂಚಣಿ ಪಡೆದವನಿಗೆ ಇದು ಅನ್ಯಾಯ. ಪರವಾಗಿ ಮಾತಾಡಲು ಮೊಮ್ಮಕ್ಕಳಿಲ್ಲದವನಿಗೆ ಮಾಡಿದ್ದರಿಂದ ಇನ್ನೂ ದೊಡ್ಡ ಅನ್ಯಾಯ. ನಿಜವಾದ ಫ್ರೆಡರಿಕ್ ಆ್ಯಬರ್ಲೈನ್ 1929ರ ಡಿಸೆಂಬರ್ 10ರಂದು, 86ನೇ ವಯಸ್ಸಿನಲ್ಲಿ, ಬೋರ್ನ್‌ಮತ್‌ನ ತನ್ನ ಮನೆಯಲ್ಲಿ ತೀರಿಕೊಂಡ. ಅವನ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಂದದ್ದು 2007ರಲ್ಲಿ.